ಮಾಡಿದವರು ತಟ್ಟಬಾರದು

ಅಡಿಗೆಮನೆಯ ಮೇಜಿನಿಂದ
ಫೆಬ್ರವರಿ ೧೩, ಗುರುವಾರ ಬೆಳಿಗ್ಗೆ

ಪ್ರೀತಿಯ ಸೊಸೆ, ನನ್ನ ಮಗಳೇ,

ಹೇಗಿದ್ದೀಯ? ನಮ್ಮ ಚೂಟಿ ಹೇಗಿದ್ದಾಳೆ? ಅವಳ ಹುಬ್ಬಿನ ಹೊಲಿಗೆ ಬಿಚ್ಚಿಸಿದೆಯಾ? ಬಿಚ್ಚುವಾಗ ಅತ್ತಳೋ, ಇಲ್ಲ ಅಜ್ಜಿಯ ಹಾಗೆ ಡಾಕ್ಟರನ್ನೇ ಬೈದಳೋ? ಕಲೆ ಉಳಿಯುತ್ತದೆಂದು ಕೊರಗಬೇಡ, ಹುಬ್ಬಿನ ಕೂದಲು ಬೆಳೆದರೆ ಮುಚ್ಚಿಹೋಗುತ್ತದೆ. ನಿನ್ನ ತಲೆನೋವು ಹೇಗಿದೆ? ಆ ದಿನ ಮಗುವನ್ನು ಎತ್ತಿಕೊಂಡು ತವರಿಗೆ ಹೊರಟ ಗಡಿಬಿಡಿಯಲ್ಲಿ ಕನ್ನಡಕವನ್ನು ಇಲ್ಲೇ ಬಿಟ್ಟು ಹೋಗಿದ್ದೀಯ. ಕನ್ನಡಕವಿಲ್ಲದೆ ನಿನಗೆ ಸಕ್ಕರೆ ಯಾವುದು ಉಪ್ಪು ಯಾವುದು ತಿಳಿಯುವುದಿಲ್ಲ ಎಂದು ನಿನ್ನ ಕೈಯಡಿಗೆ ಉಂಡವಳಿಗೆ ಗೊತ್ತು. ಒರೆಸಿ, ಬಟ್ಟೆಯಲ್ಲಿ ಸುತ್ತಿ ಇದರ ಜೊತೆ ಕಳಿಸುತ್ತಿದ್ದೇನೆ. ನಿಮ್ಮ ಅಮ್ಮನ ಮೊಣಕಾಲನ್ನು ವಿಚಾರಿಸಿದೆ ಎಂದು ಹೇಳು. ಮೊಣಕಾಲಿನ ಒಡತಿಗೆ ನನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಮೊಣಕಾಲಿಗೆ ಮಾತ್ರ ಹೇಳು. ನಾನು ಗಟ್ಟಿಯಾಗಿದ್ದೇನೆ. ಎಡಗೈ ಮಣಿಕಟ್ಟು ಸ್ವಲ್ಪ ಊದಿದೆ, ಅದರ ಕಥೆ ಮುಂದೆ ಬರುತ್ತದೆ. ಬೀದಿ ಮೂಲೆಯ ದರ್ಜಿಯಮ್ಮ ಮಧ್ಯಾಹ್ನದ ಬಸ್ಸಿಗೆ ನಿಮ್ಮ ಊರಿಗೆ ಹೊರಟಿದ್ದಾಳೆ, ಅವಳ ಕೈಗೇ ಈ ಕಾಗದ ಕೊಡುತ್ತೇನೆ. ಫೋನಿನಲ್ಲಿ ಹೇಳಬಹುದಿತ್ತು, ಆದರೆ ಫೋನ್ ಹಿಡಿದರೆ ನೀನು ಅಳುತ್ತೀಯ, ನಾನು ಬೈಯುತ್ತೇನೆ, ಹೇಳಬೇಕಾದ ಮಾತು ನಡುವೆ ಎಲ್ಲೋ ಬಿದ್ದುಹೋಗುತ್ತದೆ.

ಮಾತು ಇಷ್ಟೇ. ನಿನ್ನ ಗಂಡನಿಗೆ ಕೆಲಸ ಸಿಕ್ಕಿತು. ಮತ್ತೆ ಲಿಫ್ಟ್ ರಿಪೇರಿಯದೇ ಕೆಲಸ, ಹಳೆಯ ಕಂಪನಿಗಿಂತ ದೊಡ್ಡದು, ಸೋಮವಾರದಿಂದ ಹೋಗಬೇಕು. ಆದ್ದರಿಂದ ಈ ಭಾನುವಾರ ನೀವಿಬ್ಬರೂ ಮನೆಗೆ ಬಂದುಬಿಡಿ ಎಂದು ಕರೆಯಲು ಬರೆಯುತ್ತಿದ್ದೇನೆ. ಹೋಗುವ ದಿನ ನೀನು ಹೊಸ್ತಿಲಲ್ಲಿ ನಿಂತು, 'ಕೆಲಸ ಸಿಕ್ಕಿದ್ರೆ ಇವರು ಸರಿಹೋಗ್ತಾರಾ ಅತ್ತೆ? ನೀವು ಹೇಳಿ, ನಂಬ್ತೀನಿ' ಎಂದು ಕೇಳಿದ್ದೆ. ಆವತ್ತು ನಾನು ಚೂಟಿಯ ಚಪ್ಪಲಿ ಹುಡುಕುವ ನೆಪದಲ್ಲಿ ಒಳಗೆ ಹೋಗಿಬಿಟ್ಟೆ. ಈಗ ಹೇಳುತ್ತೇನೆ, ಸರಿಹೋಗುತ್ತಾನೆ, ಸರಿಹೋಗಿದ್ದಾನೆ. ಬರೀ ಬಾಯಿಮಾತು ಬೇಡವೆಂದು ನೀನು ಹೋದ ಮೇಲೆ ನಡೆದದ್ದನ್ನು ಮುಚ್ಚಿಡದೆ ಬರೆಯುತ್ತೇನೆ, ಕೆಟ್ಟದ್ದನ್ನೂ ಸೇರಿಸಿ. ನಿನ್ನ ಅತ್ತೆ ಪಿಂಗಾಣಿ ಕಾರ್ಖಾನೆಯಲ್ಲಿ ತಲೆ ನರೆಯುವವರೆಗೆ ತಟ್ಟೆ ತಟ್ಟಿದವಳು. ಭಟ್ಟಿಯಿಂದ ಬಂದ ತಟ್ಟೆಯನ್ನು ಬೆರಳ ತುದಿಯ ಮೇಲೆ ಕೂರಿಸಿ ಮರದ ಕಡ್ಡಿಯಿಂದ ತಟ್ಟಿದರೆ ಗಟ್ಟಿಯಾದದ್ದು ಗಂಟೆಯ ಹಾಗೆ ಕೂಗುತ್ತದೆ. ಕಣ್ಣಿಗೆ ಕಾಣದ ಬಿರುಕು ಇದ್ದರೆ ಸದ್ದು 'ಟಪ್' ಎಂದು ಅಲ್ಲೇ ಸಾಯುತ್ತದೆ. ಇಷ್ಟು ವರ್ಷ ಆ ಸದ್ದನ್ನೇ ಕೇಳಿದ ಕಿವಿ ಇದು. ನನ್ನ ಮಗ ಗಟ್ಟಿಯೋ ಬಿರುಕೋ ಎಂದು ನನಗಿಂತ ಚೆನ್ನಾಗಿ ಇನ್ಯಾರು ಹೇಳಬೇಕು?

ಕೆಲಸ ಹುಡುಕುವುದು ಎಂದರೆ ಏನೆಂದು ನನಗೆ ಅವನನ್ನು ನೋಡಿ ಗೊತ್ತಾಯಿತು. ಹಳೆಯ ಕಂಪನಿಯವರು ರಿಪೇರಿ ವಿಭಾಗವನ್ನೇ ಮುಚ್ಚಿದ ಮೇಲೆ ಮೊದಮೊದಲು ಅವನು ಗಡ್ಡ ಹೆರೆದು, ಷರ್ಟಿಗೆ ಇಸ್ತ್ರಿ ಹಾಕಿ, ಮದುವೆ ಗಂಡಿನ ಹಾಗೆ ಹೊರಡುತ್ತಿದ್ದದ್ದನ್ನು ನೀನೂ ನೋಡಿದ್ದೀಯ. ನೀನು ಹೋದ ಮೇಲೂ ಹಾಗೆಯೇ ಹೊರಟ, ಆದರೆ ಇಸ್ತ್ರಿಯೊಂದೇ ಉಳಿದಿತ್ತು, ಒಳಗಿನ ಮನುಷ್ಯ ಸುಕ್ಕಾಗಿದ್ದ. ಯಾವ ಆಫೀಸಿಗೆ ಹೋದರೂ ಲಿಫ್ಟ್ ಹತ್ತುತ್ತಿರಲಿಲ್ಲ. ಬೇರೆ ಯಾರೋ ರಿಪೇರಿ ಮಾಡುವ ಲಿಫ್ಟಿನಲ್ಲಿ ತಾನು ಬರೀ ಪ್ರಯಾಣಿಕನಾಗಿ ನಿಲ್ಲುವುದಿಲ್ಲ ಎಂಬ ಹಟ. ಎಂಟನೆಯ ಮಹಡಿಯಾದರೂ ಮೆಟ್ಟಿಲು ಹತ್ತಿಯೇ ಹೋಗಿ, ಬೆವರು ಸುರಿಸುತ್ತಾ ಏದುಸಿರು ಬಿಡುತ್ತಾ ಸಾಹೇಬರ ಮುಂದೆ ಕೂತರೆ ಅವರು ಕೇಳುವ ಮೊದಲ ಪ್ರಶ್ನೆ ಆರೋಗ್ಯ ಸರಿಯಿದೆಯಾ ಎಂದು. ಮನೆಗೆ ಬಂದು ಅದನ್ನು ಹೇಳುವಾಗ ಅವನ ಕತ್ತಿನ ನರ ಹಗ್ಗದ ಹಾಗೆ ಎದ್ದು ನಿಲ್ಲುತ್ತಿತ್ತು. ಎಲ್ಲರೂ ಕೊನೆಗೆ ಹೇಳುವುದು ಒಂದೇ, ಫೋನ್ ಮಾಡ್ತೀವಿ. ಆ ಫೋನನ್ನು ಬಚ್ಚಲಿಗೂ ಕೊಂಡೊಯ್ಯುತ್ತಿದ್ದ. ಒಂದು ದಿನ ಅದು ರಿಂಗಾಯಿತು. ಎದ್ದು ನಿಂತು, ಷರ್ಟಿನ ಮೇಲಿನ ಗುಂಡಿ ಹಾಕಿಕೊಂಡು, 'ಹೇಳಿ ಸರ್' ಎಂದ. ಆ ಕಡೆಯಿಂದ ಒಬ್ಬ ಹುಡುಗಿ ಹೊಸ ಹಾಸಿಗೆ ಕೊಳ್ಳುತ್ತೀರಾ ಎಂದು ಕೇಳಿದಳು. ಫೋನನ್ನು ಗೋಡೆಗೆ ಬಡಿದ, ಬಿದ್ದದ್ದನ್ನು ಬೂಟಿನ ಹಿಮ್ಮಡಿಯಿಂದ ಪುಡಿಯಾಗುವವರೆಗೆ ಅರೆದ, ಆಮೇಲೆ ಆ ಪುಡಿಯ ಮುಂದೆ ಕೂತು, ಇನ್ನು ಅವರು ಯಾವ ನಂಬರಿಗೆ ಮಾಡ್ತಾರಮ್ಮ ಎಂದು ಅತ್ತ. ಅಂದಿನಿಂದ ಎಲ್ಲ ಕಡೆ ನನ್ನ ನಂಬರ್ ಕೊಡತೊಡಗಿದ. ಇಂಥವನ ಮೇಲೆ ನನಗೆ ಹೇಗೆ ಸಿಟ್ಟು ಬರಬೇಕು ಹೇಳು.

ಅಲ್ಲಿಂದ ಮನೆಯಲ್ಲಿ ಒಂದೊಂದೇ ಸಾಮಾನು ಹೋಗತೊಡಗಿತು. ಕಪಾಟಿನ ಬಾಗಿಲಿಗೆ ಗುದ್ದಿ ತೂತು ಮಾಡಿದ, ಬೆರಳ ಗೆಣ್ಣು ಒಡೆದು ನಿನ್ನ ಸೀರೆಗಳ ಮೇಲೆಲ್ಲ ರಕ್ತ. ಬಚ್ಚಲಿನ ಕನ್ನಡಿಗೆ ತಲೆಯಿಂದಲೇ ಹೊಡೆದ. ಚೂಟಿ ಕೂತು ಬರೆಯುತ್ತಿದ್ದ ಕುರ್ಚಿಯ ಕಾಲು ಮುರಿದು ಅದೇ ಕಾಲಿನಿಂದ ಉಳಿದ ಕುರ್ಚಿಯನ್ನು ಚಚ್ಚಿದ. ನಾನೂ ಸುಮ್ಮನಿರುವ ಜಾತಿಯಲ್ಲ, ಸೌಟಿನಿಂದ ಅವನ ಬೆನ್ನಿಗೆ ನಾಲ್ಕು ಬಿಟ್ಟೆ, ಸೌಟು ಬಾಗಿತೇ ಹೊರತು ಅವನು ತಿರುಗಿಯೂ ನೋಡಲಿಲ್ಲ. ಮಣಿಕಟ್ಟಿನ ಕಥೆ ಇದೇ ಹೊತ್ತಿನದು. ಕುರ್ಚಿಯ ಕಾಲು ಕಸಿದುಕೊಳ್ಳಲು ಹೋದೆ, ಅವನು ಬೀಸಿದ, ನನ್ನ ಕೈ ಅಡ್ಡ ಬಂತು. ಅವನು ಬೀಸಿದ್ದು ಕುರ್ಚಿಗೆ. ನಿನ್ನ ಮುಂದೆ ಅವನು ಬಟ್ಟಲು ಎಸೆದದ್ದೂ ಗೋಡೆಗೇ ತಾನೆ? ಚೂರು ಹಾರಿ ಮಗುವಿನ ಹುಬ್ಬಿಗೆ ತಗುಲಿದ್ದು ನಮ್ಮ ಗ್ರಹಚಾರ. ಇದೆಲ್ಲ ಕೆಲಸ ಇಲ್ಲದ ಸಿಟ್ಟು. ದಿನವೂ ಬೇಡ ಎನ್ನಿಸಿಕೊಂಡು ಬರುವವನು ಆ 'ಬೇಡ'ವನ್ನು ಎಲ್ಲಾದರೂ ಇಳಿಸಬೇಕಲ್ಲ.

ಎಲ್ಲಿ ಇಳಿಸುವುದು ಎಂದು ಯೋಚಿಸುವಾಗ ನನಗೆ ಕಾರ್ಖಾನೆ ನೆನಪಾಯಿತು. ಅಲ್ಲಿ ಬಿರುಕಿನ ತಟ್ಟೆಯನ್ನು ಅಗ್ಗಕ್ಕೆ ಮಾರುವುದಿಲ್ಲ, ಮಾಡಿದವನ ಎದುರಿಗೇ ಒಡೆದು ಹಾಕುತ್ತಾರೆ. ಒಡೆದ ಸದ್ದಿಗೆ ಮಾಡಿದವನ ಮುಖ ಒಂದು ಗಳಿಗೆ ಕಪ್ಪಿಡುತ್ತದೆ, ಆಮೇಲೆ ಹಗುರಾಗುತ್ತದೆ, ಮತ್ತೆ ಕೆಲಸಕ್ಕೆ ಕೂರುತ್ತಾನೆ. ಅದೇ ಮದ್ದು ಇವನಿಗೂ ಎಂದುಕೊಂಡೆ. ಈಗ ನನ್ನ ಜಾಗದಲ್ಲಿ ಕೂರುವ ಹೆಂಗಸನ್ನು ಕಾಡಿಬೇಡಿ, ಖಂಡಿತ ಒಡೆಯುತ್ತೇನೆ ಎಂದು ಆಣೆ ಮಾಡಿ, ಫೇಲಾದ ತಟ್ಟೆಗಳನ್ನು ಗೋಣಿಚೀಲಗಳಲ್ಲಿ ತುಂಬಿಸಿಕೊಂಡು ಬಂದೆ. ಅಲ್ಲಿಗೆ ಹೋದಾಗ ಅಚ್ಚಿನ ಕೆಲಸದ ಗಡ್ಡದಣ್ಣನ ಮಾತು ಬಂದು ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ನಿನಗೂ ಹೇಳಿದ್ದೆನಲ್ಲ, ಆತ ತಾನು ಮಾಡಿದ ತಟ್ಟೆಯನ್ನು ತಾನೇ ತಟ್ಟಿ, ಕಿವಿಗೆ ಹಿಡಿದು, 'ಕೇಳು, ಹೇಗೆ ಹಾಡ್ತಿದೆ' ಅನ್ನುತ್ತಿದ್ದ. ನಮಗೆಲ್ಲ ಟಪ್ ಎಂದು ಕೇಳಿಸಿದ್ದು ಆತನಿಗೆ ಹಾಡು. ಸುಳ್ಳು ಹೇಳುತ್ತಿರಲಿಲ್ಲ ಪಾಪ, ಅವನಿಗೆ ನಿಜವಾಗಿ ಹಾಗೆಯೇ ಕೇಳಿಸುತ್ತಿತ್ತು. ಅವನು ಪಾಸು ಮಾಡಿದ ತಟ್ಟೆಯೊಂದು ಬಿಸಿ ಸಾರು ಬಿದ್ದೊಡನೆ ಎರಡು ಹೋಳಾಗಿ ಯಾರದೋ ತೊಡೆ ಬೆಂದ ಮೇಲೆ ಮೇಸ್ತ್ರಿ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದ, ಮಾಡಿದವರು ತಟ್ಟಬಾರದು. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಬರೆಸಿದ್ದರೆ ಅರ್ಥ ಬೇಗ ಆಗುತ್ತಿತ್ತು ಎಂದು ನಾವು ಹಾಸ್ಯ ಮಾಡುತ್ತಿದ್ದೆವು. ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ.

ಹಿತ್ತಲಿನ ಗೋಡೆಯ ಮುಂದೆ ಚೀಲ ಸುರಿದು, ಒಡಿ, ಮನೆ ಬಿಟ್ಟು ಇದನ್ನು ಒಡಿ ಎಂದೆ. ಮೊದಲ ತಟ್ಟೆ ಎಸೆಯುವಾಗ ಅವನ ಕೈ ಹಿಂಜರಿಯಿತು. ಎರಡನೆಯದಕ್ಕೆ ಭುಜ ಬಂತು. ಆಮೇಲೆ, ಮಗಳೇ, ಆ ಸದ್ದು! ಪಿಂಗಾಣಿ ಗೋಡೆಗೆ ಬಡಿದು ಚೂರಾಗುವಾಗ ಎದೆಯ ಮೂಳೆಯೊಳಗೆ ಏನೋ ಬಿಚ್ಚಿದ ಹಾಗಾಗುತ್ತದೆ. ನಾನೂ ಎಸೆದೆ. ನಿಮ್ಮ ಮಾವ ಸತ್ತ ಸಿಟ್ಟು, ನೀನು ಹೋದ ಸಿಟ್ಟು, ಮೊಣಕಾಲಿನ ಒಡತಿ ಫೋನಿನಲ್ಲಿ ಅಂದ ಮಾತಿನ ಸಿಟ್ಟು, ಎಲ್ಲವನ್ನೂ ಎಸೆದೆ. ಇವನ ಜೊತೆಯೇ ಕೆಲಸ ಕಳೆದುಕೊಂಡ ಆ ಕುಳ್ಳ ಮೆಕ್ಯಾನಿಕ್ ಕೂಡ ಬರತೊಡಗಿದ. ಇಬ್ಬರೂ ಇಂಟರ್ವ್ಯೂ ಮುಗಿಸಿ, ಷರ್ಟು ಕಳಚಿಟ್ಟು, ಬನಿಯನ್ನಿನಲ್ಲಿ ನಿಂತು, ಬೆವರುವವರೆಗೆ ಒಡೆದು, ಟೀ ಕುಡಿದು ನಗುತ್ತಿದ್ದರು. ಎಷ್ಟು ದಿನಗಳ ಮೇಲೆ ಈ ಮನೆಯಲ್ಲಿ ನಗು ಕೇಳಿದ್ದು! ನನ್ನ ಮದ್ದಿನ ಮೇಲೆ ನನಗೇ ಹೆಮ್ಮೆಯಾಯಿತು. ಕೆಲವು ದಿನಗಳ ಮೇಲೆ ಕುಳ್ಳ ಬರುವುದನ್ನು ನಿಲ್ಲಿಸಿದ. ಬೀದಿಯಲ್ಲಿ ಸಿಕ್ಕಾಗ ಕೇಳಿದರೆ, ಯಾಕೋ ಇದನ್ನ ಒಡೆದು ಮನೆಗೆ ಹೋದ್ರೆ ಮಕ್ಕಳ ಮೇಲೆ ಕೈ ಎತ್ತೋ ಹಾಗಾಗ್ತಿದೆ ಅಮ್ಮ, ಸಾಕು ಅನ್ನಿಸ್ತು ಎಂದ. ಅವನದು ಮೊದಲಿನಿಂದಲೂ ಪುಕ್ಕಲು ಸ್ವಭಾವ.

ನಮ್ಮವನು ಬಿಡಲಿಲ್ಲ. ಬರುಬರುತ್ತಾ ಇಂಟರ್ವ್ಯೂಗೆ ಹೊರಡುವ ಮೊದಲೂ ಒಡೆಯತೊಡಗಿದ, ಆಮೇಲೆ ಇಂಟರ್ವ್ಯೂ ಇಲ್ಲದ ದಿನವೂ ಒಡೆದ. ಇದ್ದಿಲಿನಿಂದ ತಟ್ಟೆಯ ಮೇಲೆ ಸಾಹೇಬರ ಮುಖ ಬರೆಯುತ್ತಿದ್ದ, ಒಬ್ಬನಿಗೆ ಮೀಸೆ, ಒಬ್ಬನಿಗೆ ಬೊಕ್ಕತಲೆ. ಚಿತ್ರದ ಕೈ ಚೆನ್ನಾಗಿದೆ ಅವನದು, ಚೂಟಿಗೂ ಅದೇ ಬಂದಿರುವುದು. ಒಂದು ತಟ್ಟೆಗೆ ಉದ್ದ ಕೂದಲು, ದುಂಡು ಕನ್ನಡಕ ಬರೆದಿದ್ದ. ಯಾವುದೋ ಆಫೀಸಿನ ಮೇಡಂ ಇರಬೇಕು ಎಂದುಕೊಂಡು ನಾನು ಕೇಳಲಿಲ್ಲ. ಅದೊಂದನ್ನು ಮಾತ್ರ ಗೋಡೆಗೆ ಎಸೆಯದೆ ಕಲ್ಲಿನ ಮೇಲೆ ಇಟ್ಟು ಸುತ್ತಿಗೆಯಿಂದ ನಿಧಾನವಾಗಿ ಪುಡಿ ಮಾಡಿದ. ಯಾವ ಮೇಡಮ್ಮೋ, ಏನು ಅವಮಾನ ಮಾಡಿದ್ದಳೋ.

ಇನ್ನೊಂದು ಕೆಟ್ಟದ್ದಿದೆ, ಅದನ್ನೂ ಬರೆದುಬಿಡುತ್ತೇನೆ. ಹೋದ ವಾರ ಒಂದು ದೊಡ್ಡ ಆಫೀಸಿನ ಕಾವಲುಗಾರ, ಮೆಟ್ಟಿಲು ನೌಕರರಿಗೆ ಮಾತ್ರ, ಲಿಫ್ಟಿನಲ್ಲಿ ಹೋಗಿ ಎಂದನಂತೆ. ಇವನು ಆಗುವುದಿಲ್ಲ ಎಂದ. ಮಾತಿಗೆ ಮಾತು ಬೆಳೆದು ಇವನು ಅವನ ಬಾಯಿಗೆ ಗುದ್ದಿ, ಕೆಳಗೆ ಕೆಡವಿ, ಲಿಫ್ಟಿನ ಬಾಗಿಲಿಗೆ ತಲೆ ಒತ್ತಿ ಹಿಡಿದು ಮತ್ತೆ ಗುದ್ದಿದ. ಮುಂದಿನ ಹಲ್ಲು ಮುರಿಯಿತು. ಅವನು ಪೊಲೀಸರಿಗೆ ಹೇಳಲಿಲ್ಲ, ಜಗಳವಾಡಿದ ಕಾವಲುಗಾರನ ಕೆಲಸವೇ ಹೋಗುವ ಜಾಗ ಅದು. ವಿಷಯ ತಿಳಿದು ನಾನೇ ಹಣ್ಣು ಹಿಡಿದುಕೊಂಡು ಅವನ ರೂಮಿಗೆ ಹೋದೆ. ನನ್ನ ವಯಸ್ಸಿನವನೇ ಮುದುಕ, ತುಟಿ ಬದನೆಕಾಯಿಯಂತೆ ಊದಿತ್ತು. ಕೆಲಸವಿಲ್ಲದ ಹುಡುಗ, ಸಿಟ್ಟಿನಲ್ಲಿ ಕೈ ಜಾರಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿದೆ. ಅವನು ನನ್ನನ್ನೇ ನೋಡುತ್ತಾ ಹೇಳಿದ, 'ಕೆಲಸ ಇಲ್ದೆ ನಾನೂ ಅಲೆದಿದೀನಮ್ಮ. ಸಿಟ್ಟಿಂದ ಹೊಡೆಯೋರನ್ನ ಬೇಕಾದಷ್ಟು ನೋಡಿದೀನಿ. ನಿಮ್ಮ ಮಗ ಹೊಡೀವಾಗ ನಗ್ತಿದ್ದ.' ನನಗೆ ಮೈ ಉರಿದುಹೋಯಿತು. ಪೆಟ್ಟು ತಿಂದು ನೆಲಕ್ಕೆ ಬಿದ್ದವನಿಗೆ ಹೊಡೆದವನ ಮುಖ ಎಷ್ಟು ಕಂಡೀತು? ಹಣ್ಣು ಅಲ್ಲೇ ಕುಕ್ಕಿ ಎದ್ದು ಬಂದೆ.

ಅಷ್ಟೇ, ಕೆಟ್ಟದ್ದು ಅಲ್ಲಿಗೆ ಮುಗಿಯಿತು. ಸೋಮವಾರ ನನ್ನ ಫೋನಿಗೆ ಕರೆ ಬಂತು, ಈ ಸಲ ಹಾಸಿಗೆಯದಲ್ಲ. ಬನ್ನಿ ಎಂದರು, ಕೆಟ್ಟು ನಿಂತ ಲಿಫ್ಟೊಂದನ್ನು ತೋರಿಸಿ ಸರಿಮಾಡಿ ಎಂದರು. ಊಟದ ಹೊತ್ತಿಗೆ ಅದು ಓಡಿತಂತೆ, ಅವರು ಅಲ್ಲೇ ಕೆಲಸದ ಆರ್ಡರ್ ಕೊಟ್ಟರಂತೆ. ಅದೇ ಲಿಫ್ಟಿನಲ್ಲಿ ಮೇಲೆ ಕೆಳಗೆ ಎರಡು ಸಲ ಸುಮ್ಮನೆ ಓಡಾಡಿದೆ ಎಂದು ಹೇಳುವಾಗ ಅವನ ಮುಖ ನೋಡಬೇಕಿತ್ತು, ಶಾಲೆಯಲ್ಲಿ ಓಟದಲ್ಲಿ ಗೆದ್ದು ಬಂದ ದಿನದ ಮುಖವೇ. ನನ್ನ ಮಡಿಲಲ್ಲಿ ತಲೆಯಿಟ್ಟು ಮಲಗಿದ. ನಿನ್ನೆ ಹಿತ್ತಲನ್ನು ತಾನೇ ಗುಡಿಸಿದ, ಮಗು ಬರಿಗಾಲಲ್ಲಿ ಓಡಾಡ್ತಾಳೆ ಎಂದು ಒಂದೊಂದು ಚೂರನ್ನೂ ಆರಿಸಿದ. ಕಪಾಟಿನ ತೂತಿಗೆ ಹಲಗೆ ಹೊಡೆದ. 'ಅವರನ್ನ ಕರೆಸಮ್ಮ, ಭಾನುವಾರ ನಾನೇ ಬಸ್ ಸ್ಟ್ಯಾಂಡಿಗೆ ಹೋಗ್ತೀನಿ' ಎಂದ. ಅವನ ದನಿಯಲ್ಲಿ ಒಂದು ಬಿರುಕೂ ನನಗೆ ಕೇಳಿಸಲಿಲ್ಲ. ಅದು ಕೆಲಸ ಇಲ್ಲದ ಸಿಟ್ಟು, ಕೆಲಸ ಬಂತು, ಸಿಟ್ಟು ಹೋಯಿತು. ಇದಕ್ಕಿಂತ ದೊಡ್ಡ ಗುಟ್ಟೇನೂ ಇದರಲ್ಲಿಲ್ಲ. ನೀನು ಕೇಳಿದ್ದ ಪ್ರಶ್ನೆಗೆ ನನ್ನ ಉತ್ತರ ಇದು.

ಬಾ ಮಗಳೇ. ನೀನಿಲ್ಲದೆ ಮನೆಯಲ್ಲಿ ಜಗಳವಾಡಲೂ ಒಂದು ಒಳ್ಳೆಯ ಜನವಿಲ್ಲ. ಚೂಟಿಯ ಎರಡೂ ಕೆನ್ನೆಗೆ ಅಜ್ಜಿಯ ಮುತ್ತು, ಗಾಯದ ಹುಬ್ಬಿಗೆ ಊದಿದ್ದೇನೆ ಎಂದು ಹೇಳು. ನೀವಿಬ್ಬರೂ ನೂರು ಕಾಲ ಮೈತುಂಬ ಆರೋಗ್ಯದಿಂದ, ಯಾರಿಗೂ ಹೆದರದೆ ಬಾಳಿ.

ದಾರಿ ಕಾಯುತ್ತಿರುವ,
ನಿನ್ನ ಅತ್ತೆ

ತಾ.ಕ.: ದರ್ಜಿಯಮ್ಮ ಬಾಗಿಲಲ್ಲಿ ನಿಂತು ಅವಸರ ಮಾಡುತ್ತಿದ್ದಾಳೆ, ಅಕ್ಷರ ಹೇಗಿದ್ದರೂ ಓದಿಕೋ. ಕಾಗದ ಮಡಿಸಿಟ್ಟು ಅವನಿಗೆ ತಿಂಡಿ ಕೊಟ್ಟೆ. ಹೊಸ ಯೂನಿಫಾರ್ಮ್ ಹಾಕಿ ನೋಡುತ್ತಾ ಖುಷಿಯಾಗಿದ್ದ, ಕೆಲಸದ ಆರ್ಡರ್ ಜೇಬಿನಲ್ಲೇ ಇತ್ತು. ಬರೆದೆಯಾ ಎಂದ. ಬರೆದೆ, ಆದರೆ ಚೂಟಿಗೆ ಪರೀಕ್ಷೆ ಇದ್ದರೆ ಮುಂದಿನ ವಾರ ಬರಬಹುದು ಎಂದೆ. ನಾನು ಅಂದದ್ದು ಇಷ್ಟೇ. ಕೈಯಲ್ಲಿದ್ದ ತಟ್ಟೆ ಎಸೆದ. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ, ಬಾಗಿಲು ತೆರೆದಿತ್ತು, ನನ್ನ ಹಿಂದೆ ಗೋಡೆ ಇರಲಿಲ್ಲ. ಗೋಡೆಗೆ ಎಸೆದ ಎಂದು ಈ ಸಲ ಬರೆಯಲಾರೆ. ಬಲಗಿವಿಯ ಮೇಲೆ ಸೀಳಿದೆ, ದರ್ಜಿಯಮ್ಮ ಬಟ್ಟೆ ಕಟ್ಟಿದ್ದಾಳೆ. ಅವನ ಮುಖ ನನಗೆ ಚೆನ್ನಾಗಿ ಕಂಡಿತು. ನಗುತ್ತಿದ್ದ. ಸುಮ್ನೆ ಅಮ್ಮ ಎಂದು ಬೂಟು ಹಾಕಿಕೊಂಡು ಹೊರಗೆ ಹೋದ.

ಕೆಲಸ ಇಲ್ಲದ ಸಿಟ್ಟು ಎನ್ನೋಣವೆಂದರೆ ಈಗ ಕೆಲಸ ಇದೆ. ಸುತ್ತಿಗೆಯಿಂದ ಪುಡಿ ಮಾಡಿದ ತಟ್ಟೆಯ ಮೇಲೆ ಕನ್ನಡಕ ಬರೆದದ್ದು ನಿನಗೆ. ಯಾವ ಮೇಡಮ್ಮೂ ಅಲ್ಲ. ಗೋಡೆಯ ಮೇಲೆ ಬರೆಸಿದ್ದ ಮಾತನ್ನು ಮೇಲೆ ನನ್ನ ಕೈಯಿಂದಲೇ ಬರೆದು, ನಕ್ಕು, ಮುಂದೆ ಹೋಗಿದ್ದೇನೆ ನೋಡು. ಮೇಲಿನದೆಲ್ಲ ಮಾಡಿದವಳು ತಟ್ಟಿ ಕೇಳಿಸಿಕೊಂಡ ಸದ್ದು. ಹರಿದು ಹಾಕದೆ ಕಳಿಸುತ್ತಿದ್ದೇನೆ, ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ಓದು, ನನಗೆ ಕೇಳಿಸದ್ದು ನಿನಗೆ ಕೇಳಿಸುತ್ತದೆ. ಬರಬೇಡ. ಅವನು ಅಲ್ಲಿಗೇ ಬಂದರೆ ಬಾಗಿಲು ತೆಗೆಯಬೇಡ, ನಾನು ಫೋನ್ ಮಾಡಿ ತೆಗೆ ಎಂದರೂ ತೆಗೆಯಬೇಡ. ಕೆಟ್ಟ ತಟ್ಟೆಯನ್ನು ಏನು ಮಾಡಬೇಕೆಂದು ಕಾರ್ಖಾನೆಯಲ್ಲಿ ಕಲಿತೆ, ಮಗನನ್ನು ಏನು ಮಾಡಬೇಕೆಂದು ಅಲ್ಲಿ ಯಾರೂ ಹೇಳಿಕೊಡಲಿಲ್ಲ. ಭಾನುವಾರ ಅವನು ಬಸ್ ಸ್ಟ್ಯಾಂಡಿನಿಂದ ಒಬ್ಬನೇ ವಾಪಸ್ ಬರುತ್ತಾನಲ್ಲ, ಆಗ ಮನೆಯಲ್ಲಿ ನಾನೊಬ್ಬಳೇ ಇರುವುದಿಲ್ಲ. ಹಲ್ಲು ಮುರಿಸಿಕೊಂಡ ಆ ಕಾವಲುಗಾರನಿಗೆ ಬಂದು ಕೂತಿರಿ ಎಂದು ಹೇಳಿ ಕಳಿಸುತ್ತಿದ್ದೇನೆ. ಅವನ ಕಿವಿ ಸರಿಯಿದೆ.